ಇಸ್ತ್ರಿ ಅಂಗಡಿಯ ಡ್ರಮ್ಮರ್

ಒಂದೂವರೆ ವರ್ಷ ಪಂಕ್ ಎಂಬ ಒರಟು ಅಬ್ಬರದ ಸಂಗೀತ ಬಾರಿಸಿ ಆಮೇಲೆ ನಯನಾಜೂಕಿನ ರಾಕ್‌ಗೆ ಹೊರಳಿದ ತಂಡದ ಹಳೇ ಡ್ರಮ್ಮರ್ ಈಗ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ. ತಂಡದ ಆ ಹಳೇ ಗೆಳೆಯರ ಹೊಸ ಹಾಡು ರೇಡಿಯೋದಲ್ಲಿ ಬಂತೆಂದರೆ ಸಾಕು, ಅವನ ಮೈಯೆಲ್ಲ ಉರಿಯುತ್ತದೆ. "ಕೇಳಕ್ಕಾ, ಇದೂ ಒಂದು ಹಾಡಾ? ಶ್ರುತಿ ಇಲ್ದೇ ಇದ್ರೂ ನಾವು ಬಾರಿಸಿದ್ರೆ ಗೋಡೆ ನಡುಗೋದು. ಈಗ ಪಿಟೀಲು ಸೇರ್ಸಿದಾರೆ, ಪಿಟೀಲು!" ಎಂದು ಬಟ್ಟೆ ತಂದ ಹೆಂಗಸಿಗೆ ಹೇಳುತ್ತಾ ಅವಳ ಕಣ್ಣೆದುರೇ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಧಡ್ಡೆಂದು ಕುಕ್ಕುತ್ತಾನೆ. ತಾಳ ತಪ್ಪುತ್ತಾನೆಂದು ತನ್ನನ್ನು ಕೈಬಿಟ್ಟರಲ್ಲ, ಅದಕ್ಕಂತೂ ಸಿಟ್ಟಿಲ್ಲವಂತೆ. ಹಾಗಂತ ದಿನಕ್ಕೆ ಹತ್ತು ಸಲ ಹೇಳುತ್ತಾನೆ. "ಇಸ್ತ್ರಿ ಹಾಕೋದು ಬಟ್ಟೆಗೆ ಕಣಕ್ಕಾ, ಹಾಡಿಗಲ್ಲ!" ಆದರೂ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಆ ತಂಡದ ಗಾಯಕನ ಮಿರುಗುವ ಕೋಟು ಇವನ ಮೇಜಿಗೇ ಬರುತ್ತದೆ. ಅದರ ಬೆನ್ನಲ್ಲಿ ಅಂಗೈಯಗಲದ ಸುಕ್ಕೊಂದನ್ನು ಇವನು ಬೇಕಂತಲೇ ಉಳಿಸುತ್ತಾನೆ. ಗಾಯಕ ಅದನ್ನು ನೋಡುತ್ತಾನೆ, ಹಾಗೇ ತೊಟ್ಟು ವೇದಿಕೆ ಹತ್ತುತ್ತಾನೆ. ಇವತ್ತಿಗೂ ಅಂಗಡಿ ಬದಲಿಸಿಲ್ಲ.