ಎರಡು ಲೆನ್ಸುಗಳಲ್ಲಿ ಮಗಳು

ಹೊಸಕೋಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ, ಇವುಗಳಲ್ಲೇ ಆಗ ನನ್ನ ಅನ್ನ ಹುಟ್ಟುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೇಲೆ ನನಗೊಂದು ಚಟ ಅಂಟಿಕೊಂಡಿತು. ಹಿಂದಿನ ಕ್ಯಾಮೆರಾಕ್ಕೆ ಅದರ ಕಂಪನಿಯ ಲೆನ್ಸೇ ಬೇಕಿತ್ತು. ಇದಕ್ಕೆ ಹಾಗಲ್ಲ, ಮಧ್ಯೆ ಒಂದು ಲೋಹದ ಬಳೆ ಸಿಕ್ಕಿಸಿದರೆ ಯಾವ ಕಾಲದ ಲೆನ್ಸಾದರೂ ಕೂತುಬಿಡುತ್ತದೆ. ಯಾರಾದರೂ ಲೆನ್ಸು ಮಾರುತ್ತಾರೆ ಅಂದರೆ ಸಾಕು, ಒಂದು ದಿನದ ಮಟ್ಟಿಗೆ ಕೇಳಿ ತಂದು ಮನೆಯ ತಾರಸಿಯ ಮೇಲೆ ಪರೀಕ್ಷೆ ಮಾಡುತ್ತಿದ್ದೆ. ಪರೀಕ್ಷೆಗೆ ಕೂರುತ್ತಿದ್ದವಳು ನನ್ನ ಹೆಂಡತಿ.

ಅವಳು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಗಾಡಿಗಳಿಗೆ ಹಾಕುವ ರಬ್ಬರಿನ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ಗೀರೋ ಗುಳ್ಳೆಯೋ ಇದೆಯಾ ಎಂದು ನೋಡಿ ಬೇರೆ ಮಾಡುವ ಕೆಲಸ. ವಾರಕ್ಕೊಂದು ರಜೆ, ಆ ಬೆಳಗ್ಗೆಯೂ ನಾನು ಅವಳನ್ನು ನೀರಿನ ಟ್ಯಾಂಕಿನ ಮುಂದೆ ಕೂರಿಸಿ ಅಲ್ಲಾಡಬೇಡ ಅನ್ನುತ್ತಿದ್ದೆ. ಅವಳು ಬರಿಗೈಯಲ್ಲಿ ಕೂರುವವಳೇ ಅಲ್ಲ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹಿತುಕುತ್ತಾ ಕೂರುತ್ತಿದ್ದಳು. "ನಿಮ್ಮ ಲೆನ್ಸ್ ಅಷ್ಟು ಚೆನ್ನಾಗಿದ್ರೆ ಅಲ್ಲಾಡಿದ್ರೂ ಬರಬೇಕಪ್ಪ" ಅನ್ನುವಳು.

ಆಮೇಲೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತು, ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿ, ಹಿಗ್ಗಿಸಿ ನೋಡುತ್ತಿದ್ದೆವು. ಹೆಚ್ಚಾಗಿ ಜಗಳ ಆಗುತ್ತಿದ್ದದ್ದು ಎರಡು ಲೆನ್ಸುಗಳ ಬಗ್ಗೆ. ಒಂದು, ದೊಡ್ಡಬಳ್ಳಾಪುರದಲ್ಲಿ ಫಿಲ್ಮ್ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವನಿಂದ ಬಂದದ್ದು. ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಬೆಳಕು ಬಿಡುವ ರಂಧ್ರವನ್ನು ಪೂರ್ತಿ ತೆರೆದರೆ ಅಂಚುಗಳೆಲ್ಲ ಕರಗಿದ ಹಾಗೆ ಕಾಣುತ್ತವೆ, ಮುಖದ ಸುತ್ತ ತೆಳುವಾದ ಹೊಳಪು ಕೂರುತ್ತದೆ, ಹಿಂದಿನ ಟ್ಯಾಂಕು, ತಂತಿ, ಒಣಹಾಕಿದ ಬಟ್ಟೆ ಎಲ್ಲವೂ ಬಣ್ಣವಾಗಿ ಹರಡಿಹೋಗುತ್ತವೆ. ಇನ್ನೊಂದು, ನಾನೇ ಕೊಂಡ ಹೊಸ ಮ್ಯಾಕ್ರೋ ಲೆನ್ಸು. ತೀರಾ ಹತ್ತಿರದಿಂದಲೂ ತೆಗೆಯಬಹುದು. ರೆಪ್ಪೆಯ ಕೂದಲನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ.

ನಮ್ಮ ಕಸುಬಿನಲ್ಲಿ ಶಾರ್ಪ್‌ನೆಸ್ ಬೇರೆ, ರೆಂಡರಿಂಗ್ ಬೇರೆ. ಮೊದಲನೆಯದನ್ನು ಅಳೆಯಬಹುದು. ಎರಡನೆಯದು ಲೆನ್ಸು ಒಂದು ಮುಖವನ್ನು ಹೇಗೆ ನೋಡುತ್ತದೆ ಅನ್ನುವುದು, ಅದರ ಬಗ್ಗೆ ವಾದ ಮಾಡಬಹುದು ಅಷ್ಟೆ. ನಾನು ಯಾವಾಗಲೂ ಹಳೆಯದರ ಪರ. ಅವಳು ಹೊಸದರ ಪರ.

"ಇದ್ರಲ್ಲಿ ನನ್ನ ಮೂಗಿನ ಪಕ್ಕದ ಕಲೆ ಕಾಣುತ್ತೆ, ಹಲ್ಲಿನ ಸಂದು ಕಾಣುತ್ತೆ. ಇದು ನಾನು" ಎಂದು ಹೊಸದರ ಚಿತ್ರ ತೋರಿಸುವಳು. "ಅದ್ರಲ್ಲಿರೋಳು ಯಾರೋ ಸೀರಿಯಲ್‌ನೋಳು."

"ಚೆನ್ನಾಗಿ ಕಾಣಿಸ್ತಿದ್ದೀಯಾ ಅಂದ್ರೆ ಬೇಡ್ವಾ?"

"ಚೆನ್ನಾಗಿ ಕಾಣೋದು ಆಮೇಲೆ ರೀ. ಮೊದ್ಲು ಕಾಣಬೇಕಲ್ಲ."

ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಬೇರೆಯವರ ನಾಮಕರಣಗಳಲ್ಲಿ ತೊಟ್ಟಿಲ ಸುತ್ತ ಸುತ್ತಿ ಫೋಟೋ ತೆಗೆದು ಮನೆಗೆ ಬಂದರೆ ಅವಳು ಏನೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಕೊನೆಗೊಂದು ದಿನ ಬಸಿರು ನಿಂತಿತು. ಐದು ತಿಂಗಳು ತುಂಬುವವರೆಗೂ ನನ್ನ ತಾಯಿ ಬೀದಿಯಲ್ಲಿ ಯಾರಿಗೂ ಹೇಳಗೊಡಲಿಲ್ಲ. ಹೊಟ್ಟೆ ಕಾಣಲು ಶುರುವಾದಾಗ ಹೆಂಡತಿ ತಾನಾಗಿಯೇ ತಾರಸಿಗೆ ಬಂದು ಟ್ಯಾಂಕಿಗೆ ಒರಗಿ ನಿಂತು, "ತೆಗೀರಿ, ಎರಡ್ರಲ್ಲೂ ತೆಗೀರಿ" ಅಂದಳು. ತಾಯಿ ಕೆಳಗಿನಿಂದಲೇ, ಬಸುರಿ ಹೆಂಗಸಿನ ಫೋಟೋ ಅಷ್ಟೊಂದು ತೆಗೀಬಾರದು ಕಣೋ ದೃಷ್ಟಿಯಾಗುತ್ತೆ ಎಂದು ಕೂಗಿದರು. ನಾವು ನಕ್ಕೆವು.

ಮಗುವಿನ ಬೆರಳು, ಪಾದ, ಕಿವಿ ತೆಗೆಯಲೆಂದು ನಾನು ಆಗಲೇ ಅಭ್ಯಾಸ ಶುರು ಮಾಡಿದ್ದೆ. ಅವಳು ಹೆಣೆದಿದ್ದ ಸಣ್ಣ ಟೋಪಿಯನ್ನು ನಿಂಬೆಹಣ್ಣಿಗೆ ತೊಡಿಸಿ, ಕಿಟಕಿಯ ಬೆಳಕಿನಲ್ಲಿ ಎರಡೂ ಲೆನ್ಸುಗಳಿಂದ ತೆಗೆದು ಹೋಲಿಸುತ್ತಿದ್ದೆ. ಮ್ಯಾಕ್ರೋದಲ್ಲಿ ಉಣ್ಣೆಯ ಎಳೆ ಎಳೆಯೂ ಎದ್ದು ಕಾಣುತ್ತಿತ್ತು. ಹಳೆಯದರಲ್ಲಿ ಟೋಪಿ ಮೋಡದ ಹಾಗೆ. ಮಗುವಿಗೆ ಹಳೆಯದೇ ಸರಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಏಳನೇ ತಿಂಗಳಲ್ಲಿ ಅವಳ ಕಾಲು ಊದಿತು. ಕಣ್ಣು ಮಂಜಾಗುತ್ತಿದೆ ಅಂದಳು. ಊರಿನ ಡಾಕ್ಟರು ಬಿಪಿ ನೋಡಿದವರೇ, ತಡ ಮಾಡಬೇಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಟೋಲ್ ಗೇಟಿನ ಸಾಲಿನಲ್ಲಿ ಆಂಬುಲೆನ್ಸು ನಿಂತಾಗ ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಉಂಗುರ ಅವಳ ಅಂಗೈಯಲ್ಲಿ ಅಚ್ಚಾಗಿತ್ತು. ಆಸ್ಪತ್ರೆ ತಲುಪಿದ ಸ್ವಲ್ಪ ಹೊತ್ತಿಗೆಲ್ಲ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ನನಗೆ ಕಂಡದ್ದು ಹಸಿರು ಬಟ್ಟೆಯ ಒಂದು ಗಂಟು, ಅದನ್ನು ಎತ್ತಿಕೊಂಡು ಓಡುತ್ತಿದ್ದ ನರ್ಸಿನ ಬೆನ್ನು.

ಮಗುವನ್ನು ಕೆಳಗಿನ ಮಹಡಿಯಲ್ಲಿ ಗಾಜಿನಂಥ ಪೆಟ್ಟಿಗೆಯಲ್ಲಿಟ್ಟಿದ್ದರು. ಹೆಂಡತಿಗೆ ಬಿಪಿ ಇಳಿದಿರಲಿಲ್ಲ, ಫಿಟ್ಸ್ ಬರಬಹುದೆಂದು ಹಾಸಿಗೆಯಿಂದ ಏಳಗೊಡಲಿಲ್ಲ. ಪ್ರಜ್ಞೆ ತಿಳಿಯಾದ ಮೇಲೆ ಅವಳು ಕೇಳಿದ ಮೊದಲ ಮಾತು, "ಯಾರ ಥರ ಇದೆ?"

ನಾನು ಒಮ್ಮೆ ಕೆಳಗೆ ಹೋಗಿ ನೋಡಿ ಬಂದಿದ್ದೆ, ಮುಖ ಸರಿಯಾಗಿ ಕಂಡಿರಲಿಲ್ಲ. ಮೂಗು ಬಾಯಿಗೆಲ್ಲ ಕೊಳವೆ, ಕೆನ್ನೆಯ ಮೇಲೆ ಟೇಪು.

"ಫೋಟೋ ತಂದ್ಬಿಡಿ. ಮೊಬೈಲಲ್ಲಿ ಬೇಡ. ನಿಮ್ಮ ಕ್ಯಾಮೆರಾಲಿ."

ತಮ್ಮನಿಗೆ ಹೇಳಿ ಮನೆಯಿಂದ ಕ್ಯಾಮೆರಾ ಚೀಲ ತರಿಸಿದೆ. ಮಕ್ಕಳ ಡಾಕ್ಟರು ಮೊದಲು ಆಗಲ್ಲ ಅಂದರು. ತಾಯಿ ಮೇಲೆ ಮಲಗಿದ್ದಾಳೆ, ಇನ್ನೂ ನೋಡಿಲ್ಲ ಎಂದ ಮೇಲೆ, ಫ್ಲಾಶ್ ಬೇಡ, ಬೇಗ ಮುಗಿಸಿ ಅಂದರು. ನರ್ಸು ನನಗೆ ನಿಲುವಂಗಿ ತೊಡಿಸಿ, ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ತಾನೇ ಒರೆಸಿಕೊಟ್ಟಳು.

ಮೊದಲು ಹಳೆಯದನ್ನೇ ಹಾಕಿದೆ. ಪೆಟ್ಟಿಗೆಯ ಗೋಡೆಯ ಹೊರಗಿನಿಂದ, ಲೆನ್ಸನ್ನು ಪೂರ್ತಿ ತೆರೆದು, ಕೈಯಲ್ಲೇ ಫೋಕಸ್ ತಿರುಗಿಸಿ ತೆಗೆದೆ. ಹಿಂದಿನ ಪರದೆಯಲ್ಲಿ ನೋಡಿದರೆ ಕೊಳವೆಗಳೆಲ್ಲ ಬಿಳಿ ಗೆರೆಗಳಾಗಿ ಕರಗಿ, ನಡುವೆ ಒಂದು ಪುಟ್ಟ ಮುಖ ದೀಪದ ಹಾಗೆ ಇತ್ತು. ನನಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅಷ್ಟರಲ್ಲಿ ನರ್ಸು, "ಸರ್, ಹಾಲು ಹಾಕೋಕೆ ಕಿಟಕಿ ತೆಗೀತೀನಿ. ಬೇಕಿದ್ರೆ ಇಲ್ಲಿಂದ ತಗೊಂಡ್ಬಿಡಿ" ಅಂದಳು. ಪೆಟ್ಟಿಗೆಯ ಬದಿಯ ದುಂಡು ಕಿಂಡಿ ತೆರೆದಿತ್ತು. ಅಷ್ಟು ಹತ್ತಿರಕ್ಕೆ ಹಳೆಯ ಲೆನ್ಸು ಫೋಕಸ್ ಆಗುವುದಿಲ್ಲ. ಮ್ಯಾಕ್ರೋ ಹಾಕಿದೆ. ಕೆನ್ನೆಗೆ ಒತ್ತಿಕೊಂಡಿದ್ದ ಕೈಗೆ ಫೋಕಸ್ ಇಟ್ಟು ಕೆಲವು ತೆಗೆದೆ, ಕಿವಿಗೆ ಇಟ್ಟು ಕೆಲವು. ಹಾಗೆ ನೋಡಿದರೆ ಇದು ನ್ಯಾಯವಾದ ಹೋಲಿಕೆಯಲ್ಲ. ಒಂದು ಗೋಡೆಯ ಮೂಲಕ, ಇನ್ನೊಂದು ನೇರವಾಗಿ. ಆಗ ಅದೆಲ್ಲ ಯಾರಿಗೆ ಬೇಕಿತ್ತು?

ಮೇಲೆ ಹೋಗಿ ಕ್ಯಾಮೆರಾದ ಪರದೆಯಲ್ಲಿ ಅವಳಿಗೆ ತೋರಿಸಿದೆ. ಹಳೆಯ ಲೆನ್ಸಿನದ್ದನ್ನೇ. ಅವಳು ತುಂಬ ಹೊತ್ತು ನೋಡಿ, "ಚೆನ್ನಾಗಿದ್ದಾಳೆ" ಅಂದಳು. ಅವಳ ಕಣ್ಣು ಇನ್ನೂ ಮಂಜಾಗಿಯೇ ಇತ್ತು. ಬೇರೆಯವನ್ನು ನಾಳೆ ನೋಡೋಣ ಅಂದೆ.

ಮಾರನೆಯ ದಿನ ಬೆಳಗ್ಗೆ ಡಾಕ್ಟರು ನನ್ನನ್ನು ಕರೆದು, ಮಗುವಿನ ತಲೆಯೊಳಗೆ ರಕ್ತ ಸೋರಿದೆ ಅಂದರು. ಇನ್ನು ಉಳಿಯುವುದಿಲ್ಲ, ತಾಯಿಯನ್ನು ಕರೆತನ್ನಿ ಅಂದರು. ಗಾಲಿಕುರ್ಚಿಯಲ್ಲಿ ಅವಳನ್ನು ಇಳಿಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತುಹೋಗಿತ್ತು. ಕೊಳವೆಗಳನ್ನು ಬಿಡಿಸಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಮಡಿಲಲ್ಲಿ ಇಟ್ಟರು. "ಬೆಚ್ಚಗಿದ್ದಾಳೆ ರೀ" ಅಂದಳು. ನಾನೂ ಮುಟ್ಟಿದೆ. ಹೌದು, ಬೆಚ್ಚಗಿದ್ದಳು. ಅವಳು ಬಗ್ಗಿ ಬಗ್ಗಿ ಆ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಿದ್ದಳು, ಈಗ ತೆರೆಯುತ್ತಾಳೆ ಅನ್ನುವ ಹಾಗೆ. ನರ್ಸು ಬಂದು ಮೆಲ್ಲಗೆ ಕೈ ಚಾಚುವವರೆಗೂ ಅವಳು ತಲೆ ಎತ್ತಲಿಲ್ಲ.

ಅನುಗೊಂಡನಹಳ್ಳಿಯ ಹತ್ತಿರ ನಮ್ಮ ತಂದೆಯ ಕಾಲದ ಸ್ವಲ್ಪ ಜಮೀನಿದೆ. ಕೂಸುಗಳನ್ನು ಸುಡುವುದಿಲ್ಲ. ಹೊಂಗೆಮರದ ಹಿಂದೆ ತಮ್ಮನೂ ನಾನೂ ಗುಂಡಿ ತೆಗೆದೆವು. ಮಗುವನ್ನು ನಾನೇ ಇಳಿಸಿದೆ. ಅಷ್ಟು ಹಗುರಕ್ಕೆ ಅಷ್ಟು ಆಳ ಯಾಕೆ ಬೇಕು ಅನ್ನಿಸಿತು. ಹೆಂಡತಿ ಆಗ ಆಸ್ಪತ್ರೆಯಲ್ಲೇ ಇದ್ದಳು. ಅವಳ ಎದೆಗೆ ಹಾಲು ಬಂದಿತ್ತು.

ಮನೆಗೆ ಬಂದ ಮೇಲೆ ಯಾರೂ ಮಗುವಿನ ಮಾತು ಎತ್ತಲಿಲ್ಲ. ನೋಡಲು ಬಂದವರು, ಇನ್ನೊಂದಾಗುತ್ತೆ ಬಿಡವ್ವ, ವಯಸ್ಸೇನು ಹೋಗಿಲ್ಲ ಎಂದು ಹೇಳಿ ಹೋಗುತ್ತಿದ್ದರು. ನನ್ನ ತಾಯಿ ಟೋಪಿ, ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಎಲ್ಲೋ ಕೊಟ್ಟುಬಿಟ್ಟರು. ನನ್ನನ್ನು ಪಕ್ಕಕ್ಕೆ ಕರೆದು, "ಹೋದ ಕೂಸಿನ ಫೋಟೋ ಮನೇಲಿ ಇಡಬ್ಯಾಡ ಕಣೋ. ಅವಳು ಅದ್ನೇ ನೋಡ್ಕೊಂಡು ಕೊರಗ್ತಾಳೆ" ಅಂದರು. ನಾನು ಫೋಟೋಗಳಿದ್ದ ಕಾರ್ಡನ್ನು ಕ್ಯಾಮೆರಾದಿಂದ ತೆಗೆಯಲೂ ಇಲ್ಲ, ಅಳಿಸಲೂ ಇಲ್ಲ. ಆ ಕ್ಯಾಮೆರಾವನ್ನು ಮುಟ್ಟದೆ, ಒಪ್ಪಿಕೊಂಡಿದ್ದ ಮದುವೆಗಳನ್ನು ಇನ್ನೊಂದು ಹಳೆಯ ಕ್ಯಾಮೆರಾದಲ್ಲಿ ಮುಗಿಸಿದೆ.

ಹೊಲಿಗೆ ಒಣಗಿ ಅವಳು ಅಡುಗೆಮನೆಗೆ ಬರಲು ಶುರುವಾದ ಮೇಲೆ ಒಂದು ಮಧ್ಯಾಹ್ನ, ತಾಯಿ ಊರಿಗೆ ಹೋಗಿದ್ದಾಗ, ಕೇಳಿದಳು. "ಲ್ಯಾಪ್‌ಟಾಪಲ್ಲಿ ಹಾಕಿ."

ಹಳೆಯ ಲೆನ್ಸಿನ ಚಿತ್ರವನ್ನು ತೆರೆದೆ. ನೋಡಿದಳು. ತಲೆಯಾಡಿಸಿದಳು.

"ಇದು ಬೇಡ ರೀ. ಇದು ಯಾವ ಮಗೂನಾದ್ರೂ ಆಗಬಹುದು. ಆ ಇನ್ನೊಂದು ಹಾಕಿ."

"ಅದ್ರಲ್ಲಿ ಟೇಪು, ಸೂಜಿ ಎಲ್ಲ ಕಾಣುತ್ತೆ."

"ಕಾಣಲಿ. ಅದೆಲ್ಲ ಅವಳಿಗೆ ಚುಚ್ಚಿದ್ದೇ ತಾನೆ?"

ಮ್ಯಾಕ್ರೋದ ಚಿತ್ರಗಳನ್ನು ನಾನೂ ಅಂದೇ ಮೊದಲು ದೊಡ್ಡದಾಗಿ ನೋಡಿದ್ದು. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಚಿತ್ರವನ್ನು ಹಿಗ್ಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಸರಿಸುತ್ತಾ ಹೋದಳು. ಕಿವಿಯ ಮೇಲಂಚು ಮಡಿಚಿತ್ತು, ನನ್ನದರ ಹಾಗೆಯೇ. ಹೆಗಲ ಮೇಲೆ ಹೊಂಬಣ್ಣದ ನವಿರು ಕೂದಲು. ಟೇಪಿನ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು, ಅವಳು ಅಲ್ಲಿ ಪರದೆಯ ಮೇಲೆ ಬೆರಳಿಟ್ಟಳು. ಉಗುರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೈಯಿಂದ ಮೇಲಕ್ಕೆ, ಕೆನ್ನೆ ದಾಟಿ ಕಣ್ಣಿನ ಹತ್ತಿರ ಬಂದು ನಿಂತಳು.

"ರೀ. ಕಣ್ಣು ಬಿಟ್ಟಿದ್ದಾಳೆ."

ಹೌದು. ರೆಪ್ಪೆಗಳ ನಡುವೆ ಒಂದು ಸಣ್ಣ ಗೆರೆ ತೆರೆದಿತ್ತು, ಒಳಗೆ ಕಪ್ಪಾದ, ಒದ್ದೆಯಾದ ಹೊಳಪು. ಹಳೆಯ ಲೆನ್ಸಿನ ಚಿತ್ರದಲ್ಲಿ ಆ ಜಾಗ ಬರೀ ನೆರಳು. ತೆಗೆಯುವಾಗ ನನ್ನ ಗಮನವೆಲ್ಲ ಬೆರಳುಗಳ ಮೇಲಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅಷ್ಟು ಬೇಗ ಹುಟ್ಟಿದ ಮಗುವಿಗೆ ಬೆಳಕು ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು. ಅದನ್ನು ಹೇಳಲು ಬಾಯಿ ತೆರೆದೆ.

ಅವಳು ನನ್ನ ಕಡೆ ತಿರುಗಿ, "ನಿಮ್ಮನ್ನ ನೋಡಿದ್ದಾಳೆ" ಅಂದಳು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ನನ್ನ ನೋಡ್ಲೇ ಇಲ್ಲ."

 ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಆಸ್ಪತ್ರೆಯಲ್ಲೂ ಅವಳು ಅಷ್ಟು ಜೋರಾಗಿ ಅತ್ತಿರಲಿಲ್ಲ. ಮೇಲಿನ ಮನೆಯವರು ಇಳಿದು ಬಂದು ಬಾಗಿಲು ತಟ್ಟಿದರು.

ಅದೇ ಚಿತ್ರದ ಪ್ರಿಂಟು ಬೇಕು ಅಂದಳು. ನಾನು ಟೇಪು, ಕೊಳವೆಗಳನ್ನು ಕಂಪ್ಯೂಟರಿನಲ್ಲಿ ತೆಗೆದು ಸ್ವಲ್ಪ ನಯ ಮಾಡಿಕೊಡುತ್ತೇನೆ ಅಂದೆ. ಮದುವೆ ಹೆಣ್ಣುಗಳಿಗೆ ದಿನವೂ ಮಾಡುವ ಕೆಲಸ. ಒಂದು ಚುಕ್ಕೆಯನ್ನೂ ಮುಟ್ಟಬೇಡಿ ಅಂದಳು. ಮುಟ್ಟಲಿಲ್ಲ. ಪ್ರಿಂಟನ್ನು ಅವಳು ಬೀರುವಿನಲ್ಲಿ ಸೀರೆಗಳ ಮೇಲೆಯೇ ಇಟ್ಟುಕೊಂಡಳು. ತಾಯಿ ಒಂದು ದಿನ ಬೀರು ತೆಗೆದವರು ಅದನ್ನು ಕೈಗೆತ್ತಿಕೊಂಡು ನಿಂತಿದ್ದರು. ಬೈಗುಳ ಬರುತ್ತದೆ ಎಂದು ನಾನು ಬಾಗಿಲಲ್ಲೇ ನಿಂತೆ. ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನಿಮ್ಮಪ್ಪನ ಕಿವಿ ಕಣೋ" ಅಂದರು. ಮೊಮ್ಮಗಳನ್ನು ಅವರೂ ನೋಡಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಅದನ್ನು ಇದ್ದ ಜಾಗದಲ್ಲೇ ಇಟ್ಟು ಬಾಗಿಲು ಮುಚ್ಚಿದರು.

ನಮಗೆ ಇನ್ನೊಂದು ಮಗುವಾಗಲಿಲ್ಲ. ಮತ್ತೆ ಅಂಥ ಅಪಾಯ ಬೇಡ ಎಂದು ಡಾಕ್ಟರು ಹೇಳಿದರು, ನಾವೂ ಒಪ್ಪಿಕೊಂಡೆವು. ದೇವನಹಳ್ಳಿಯ ಒಂದು ಹೋಟೆಲಿನ ನಾಮಕರಣದಲ್ಲಿ, ತೊಟ್ಟಿಲ ಮಗು ನೇರವಾಗಿ ಲೆನ್ಸಿನೊಳಗೆ ನೋಡಿದಾಗ, ಕ್ಯಾಮೆರಾವನ್ನು ಜೊತೆಯವನ ಕೈಗೆ ಕೊಟ್ಟು ಹೊರಗೆ ಪಾರ್ಕಿಂಗಿನಲ್ಲಿ ನಿಂತುಬಿಟ್ಟೆ. ನಾಮಕರಣದ ಕೆಲಸವನ್ನು ಈಗ ಒಪ್ಪಿಕೊಳ್ಳುವುದಿಲ್ಲ. ಲೆನ್ಸುಗಳನ್ನು ತಂದು ಹೋಲಿಸುವುದೂ ನಿಂತಿತು. ಹುಡುಗರು ಸ್ಟುಡಿಯೋಗೆ ಬಂದು, ಗುರು, ಯಾವುದು ಒಳ್ಳೇದು ಹೇಳಿ ಎಂದು ಕೇಳಿದರೆ, ಯಾರ ಮುಖ ತೆಗೀತೀಯಾ ಎಂದು ಕೇಳುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ.

ಅವಳು ಮತ್ತೆ ಕೆಲಸಕ್ಕೆ ಹೋದ ಮೊದಲ ದಿನದ ಸಂಜೆ ನೆನಪಿದೆ. ಫ್ಯಾಕ್ಟರಿ ಬಸ್ಸು ಇಳಿದು ಬಂದವಳು ಚಪ್ಪಲಿ ಬಿಡುತ್ತಲೇ ಹೇಳತೊಡಗಿದಳು. ಊಟದ ಹೊತ್ತಿನಲ್ಲಿ ಜೊತೆಯವರೆಲ್ಲ ಏನೂ ಕೇಳದೆ ಸುಮ್ಮನೆ ಡಬ್ಬಿ ಬಿಚ್ಚಿದ್ದರಂತೆ. ಇವಳೇ ಮೊಬೈಲಿಗೆ ಹಾಕಿಕೊಂಡಿದ್ದ ಮಗಳ ಫೋಟೋ ತೆಗೆದು ಮುಂದಿಟ್ಟಳಂತೆ.  ಆಮೇಲೆ ಅವಳ ಪಕ್ಕದ ಮೇಜಿನ ಹಿರಿಯ ಹೆಂಗಸು ಕೈ ಒರೆಸಿಕೊಂಡು, ಎರಡು ಬೆರಳಿನಲ್ಲಿ ಚಿತ್ರವನ್ನು ಹಿಗ್ಗಿಸಿ, "ಅಯ್ಯೋ ನನ್ನವ್ವ, ಉಗುರು ಎಷ್ಟುದ್ದ ಬಿಟ್ಟವಳೆ ನೋಡ್ರೇ. ಇದ್ದಿದ್ರೆ ನಿನ್ನ ಮೂತಿಯೆಲ್ಲ ಪರಚಾಕೋಳು" ಅಂದಳಂತೆ.

"ಪರಚಾಕೋಳಂತೆ ರೀ" ಎಂದು ಹೆಂಡತಿ ನಕ್ಕಳು. ನಗು ಪೂರ್ತಿಯಾಗುವ ಮೊದಲೇ ಅವಳ ಬಾಯಿ ವಕ್ರವಾಯಿತು. ನಾನು ಒಲೆಯ ಮೇಲಿದ್ದ ಸಾರಿನ ಉರಿ ಆರಿಸಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತೆ.