ಸೊಪ್ಪಿನವಳೂ ಹಾಕಿದ ರಸ್ತೆ

ಇವತ್ತು ಆಟೋ ಓಡಿಸುವಾಗ ಬಿಸಿ ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಬೀದಿಗೆ ರಸ್ತೆ ಹಾಕುತ್ತಿದ್ದಾರೆ. ಕೆಲವರಿಗೆ ಮಲ್ಲಿಗೆ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಡಾಂಬರು. ಏನು ಮಾಡಲಿ, ಹೇಳಿ?

ನೆನಪಾದದ್ದು ಜಯಕ್ಕ. ಅರಸೀಕೆರೆಯಲ್ಲಿ ನಮ್ಮ ಬೀದಿಯಲ್ಲೇ ಅವಳ ಮನೆ. ಪೋಲಿಯೋದಲ್ಲಿ ಕಾಲು ಹೋಗಿ ಗಾಲಿಕುರ್ಚಿ ಬಂದಿತ್ತು. ಮೇನ್ ರೋಡಿನಲ್ಲಿ ಅವಳದ್ದೊಂದು ಟೈಲರ್ ಅಂಗಡಿ. ಬೀದಿ ಆಗ ಬರೀ ಕೆಸರು, ಗುಂಡಿ. ದಿನಾ ನಾನೇ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸುತ್ತಿದ್ದೆ.

"ಒಂದಿನ ನಾನೇ ಹೋಗ್ಬೇಕು ಕಣೋ" ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ.

ನಮ್ಮ ಬೀದಿಯವರದ್ದೊಂದು ಹಟ: ರಸ್ತೆ ಬರುವವರೆಗೆ ಯಾರೂ ಮನೆ ಕಂದಾಯ ಕಟ್ಟಬಾರದು. ಜಯಕ್ಕ ಮಾತ್ರ ಕಟ್ಟುತ್ತಿದ್ದಳು. ಎದುರುಮನೆ ರುದ್ರಣ್ಣ ಕೆಣಕುತ್ತಿದ್ದ: "ಏನವ್ವ, ನಗರಸಭೆಗೆ ಸೊಸೆಯಾಗಿ ಹೋಯ್ತೀಯಾ?"

ಒಂದು ದಿನ ನಗರಸಭೆ ಎಂಜಿನಿಯರ್ ಬಂದ. ಎಲ್ಲರೂ ಮುತ್ತಿಕೊಂಡೆವು.

"ಸರ್ಕಾರದ ಅನುದಾನ ಜಲ್ಲಿಗಷ್ಟೇ ಸಾಕಾಗುತ್ತೆ" ಎಂದ. "ಡಾಂಬರಿಗೆ ನಗರಸಭೆ ಹಾಕ್ಬೇಕು. ನಿಮ್ ಕಂದಾಯ, ಮಳಿಗೆ ಬಾಡಿಗೆ, ಸಂತೆ ಸುಂಕ, ಅದೇ ನಗರಸಭೆ ದುಡ್ಡು. ಬೇರೆ ಗಂಟು ಎಲ್ಲಿದೆ?"

"ಮೊದ್ಲು ರೋಡ್ ಹಾಕ್ರೀ, ಆಮೇಲೆ ಕಟ್ತೀವಿ" ಎಂದ ರುದ್ರಣ್ಣ.

ಬಾಗಿಲಲ್ಲಿ ಕೂತಿದ್ದ ಜಯಕ್ಕ ಕೂಗಿದಳು: "ಆಗ್ಲಿ ರುದ್ರಣ್ಣ. ರೋಡ್ ಬರೋಗಂಟ ಒಬ್ಬೊಬ್ರೂ ಪಾಳಿ ಮೇಲೆ ನನ್ನ ಎತ್ಕಂಡು ಹೋಗಿ. ನಾಳೆ ನಿಂದು."

ಎಲ್ಲರೂ ನಕ್ಕರು. ರುದ್ರಣ್ಣ ಮಾತಿಗೆ ತಪ್ಪದ ಮನುಷ್ಯ, ಮರುದಿನ ಬಂದ. ಎತ್ತಿದ. ನಾಲ್ಕು ಹೆಜ್ಜೆಗೆ ಗುಂಡಿಯಲ್ಲಿ ಜಾರಿ, ಅವಳ ಸಮೇತ ಕೆಸರಿಗೆ ಬಿದ್ದ.

"ಏಳಣ್ಣ, ಉಸಿರು ಕಟ್ತೈತೆ" ಎಂದಳು ಅಡಿಯಿಂದ.

ಆ ವಾರ ಕಂದಾಯಕ್ಕೆ ಮೊದಲು ಹೋದವನು ರುದ್ರಣ್ಣ. ಹಿಂದೆ ನಾವೆಲ್ಲ.

ರಸ್ತೆ ಬಂತು. ಜಯಕ್ಕ ಕುರ್ಚಿ ತಾನೇ ತಳ್ಳಿಕೊಂಡು ಹೊರಟಳು. ಬಿದ್ದರೆ ಹಿಡಿಯೋಣವೆಂದು ಕೈ ಚಾಚಿಕೊಂಡು ನಾನು ಹಿಂದೆ. ಮೇನ್ ರೋಡ್ ಮುಟ್ಟಿ, "ಇನ್ನೂ ಯಾಕೋ ಬತ್ತಿದೀಯ? ಬಾಡಿಗೆ ನೋಡ್ಕೋ ಹೋಗು" ಎಂದಳು.

ಹೋಗಲಿಲ್ಲ, ನಿಂತೆ. ಗಂಡಸಿ ಊರಿನ ಕಡೆಯಿಂದ ಬಸ್ಸು ಬಂತು. ಸೊಪ್ಪಿನ ಕುಕ್ಕೆ ಹೊತ್ತು ಒಬ್ಬಾಕೆ ಇಳಿದಳು, ಸಂತೆಗೆ. ಅಲ್ಲಿ ಸುಂಕ ಕೊಡುತ್ತಾಳಲ್ಲ! ನಮ್ಮ ಬೀದಿಗೆ ಅವಳು ಕಾಲಿಟ್ಟವಳೇ ಅಲ್ಲ. ಆದರೂ ಜಯಕ್ಕನ ಗಾಲಿಯ ಕೆಳಗೆ ಅವಳ ಒಂದು ಕಟ್ಟು ಸೊಪ್ಪಿನ ದುಡ್ಡೂ ಇದೆ. ಮೈ ಜುಮ್ಮೆಂದಿತು. ಹೀಗೂ ಉಂಟಾ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಇವತ್ತು ರೋಡ್ ರೋಲರ್ ದಾರಿಗೆ ಅಡ್ಡ ನಿಂತಿತ್ತು. ಹಿಂದೆ ಕೂತ ಗಿರಾಕಿ ರೇಗಿದ: "ಹಾರನ್ ಹೊಡಿಯಲಾ! ಸುಮ್ನೆ ಕುಂತವ್ನೆ. ನಿಮ್ಮಪ್ಪ ಹಾಕ್ಸಿದ್ ರೋಡಾ ಇದು?"

"ಹೂಂ ಕಣಣ್ಣ. ನಿಮ್ಮಪ್ಪಾನೂ ಸೇರವ್ನೆ" ಎಂದು ಎಂಜಿನ್ ಆರಿಸಿದೆ.