ನನ್ನ ಪಾಲಿನ ಈರುಳ್ಳಿ ಸಾಲು

ಬಲಗೈಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಹಿರಿಯೂರಿನಲ್ಲಿ ಮೂವತ್ತು ವರ್ಷ ರವಿಕೆ ಹೊಲಿದ ಕೈ ಅದು. ಹಬ್ಬದ ಹಿಂದಿನ ದಿನ ಬಟ್ಟೆ ತಂದವರನ್ನೂ ನಾನು ಬರಿಗೈಲಿ ಕಳಿಸಿದವಳಲ್ಲ, ಬೈಯದೆ ಕಳಿಸಿದವಳೂ ಅಲ್ಲ. ಅಂಥ ನನಗೆ ಡಾಕ್ಟರು, "ಹೈವೇ ಪಕ್ಕದ ಆರೈಕೆ ಕೇಂದ್ರಕ್ಕೆ ದಿನಾ ಹೋಗಿ ಬನ್ನಿ. ತೋಟದ ಕೆಲಸ ಮಾಡಿಸ್ತಾರೆ, ಬೆರಳು ಸಡಿಲ ಆಗ್ತವೆ" ಅಂದರು. ಮಣ್ಣು ಕೆದಕಿದರೆ ಕೈ ಬರುವುದಾದರೆ ನಮ್ಮ ಬೀದಿಯ ಕೋಳಿಗಳೆಲ್ಲ ಟೈಲರ್ ಆಗಬೇಕಿತ್ತು ಅಂದೆ. ಡಾಕ್ಟರು ನಗಲಿಲ್ಲ. ಸುಮ್ಮನೆ ಹೋದೆ.

ಅಲ್ಲಿ ನಾವು ಏಳು ಜನ. ಕೈಕಾಲು ಬಾರದವರು, ಮನಸ್ಸಿಗೆ ಮಂಕು ಕವಿದವರು, ಮರೆವು ಹಿಡಿದವರು. ಕೇಂದ್ರದ ಮೇಡಂ ಬಲು ಒಳ್ಳೆಯವರು, ಏನು ಮಾಡಿದರೂ ಪುಸ್ತಕ ಓದಿಯೇ ಮಾಡುವವರು. ಒಬ್ಬೊಬ್ಬರಿಗೆ ಒಂದೊಂದು ಕುಂಡ ಕೊಟ್ಟು ಚೆಂಡುಹೂವಿನ ಸಸಿ ನೆಡಿಸಿದ್ದರು. ಎಡಗೈಲಿ ನೆಟ್ಟ ನನ್ನ ನಾಲ್ಕು ಸಸಿಗಳು ಬೇರು ಹಿಡಿದದ್ದು ನೋಡಿ ನನಗೆ ಗುಟ್ಟಾಗಿ ಜಂಬವೂ ಬಂದಿತ್ತು.

ಆ ವಾರವೇ ಹರಿಯಬ್ಬೆ ಕಡೆಯ ಅಜ್ಜಿ ಬಂದದ್ದು. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತ ಹೆಂಗಸು. ಈಗ ಮಗಳ ಹೆಸರೂ ನೆನಪಿಲ್ಲ. ಮಗಳು ಊರಿನ ಹೋಟೆಲೊಂದರಲ್ಲಿ ರೊಟ್ಟಿ ಸುಡುತ್ತಿದ್ದಳು. "ಎರಡು ದಿನ ಕೆಲ್ಸಕ್ಕೆ ಹೋಗುವಾಗ ಒಳಗೆ ಕೂಡಿ ಬೀಗ ಹಾಕಿದ್ದೆ ಮೇಡಂ. ಬಾಗ್ಲು ಬಡಿದು ಬಡಿದು ಕೈ ಊದಿಸ್ಕಂಡಿತ್ತು ನಮ್ಮವ್ವ" ಅಂದಳು. ಮೇಡಂ ಒಂದು ತಿಂಗಳು ನೋಡೋಣ ಅಂದರು. ಗೇಟು ದಾಟಿದರೆ ಲಾರಿಗಳು. ಅಜ್ಜಿ ಕೂತಲ್ಲಿ ಕೂರದಿದ್ದರೆ ಇಟ್ಟುಕೊಳ್ಳುವುದು ಆಗದ ಮಾತು. ಆಮೇಲೆ ಮತ್ತೆ ಆ ಬೀಗವೇ.

ಮೊದಲ ದಿನ ಅಜ್ಜಿ ತನ್ನ ಕುಂಡ ಎರಡೇ ನಿಮಿಷಕ್ಕೆ ಚೊಕ್ಕ ಮಾಡಿ ನನ್ನ ಕುಂಡಕ್ಕೆ ಬಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ಕೂ ಚೆಂಡುಹೂವಿನ ಸಸಿ ಕಿತ್ತು ಎಸೆದು, ತಾನಾಗಿ ಹುಟ್ಟಿದ್ದ ಅಣ್ಣೆಸೊಪ್ಪನ್ನು ಮಾತ್ರ ಜೋಪಾನವಾಗಿ ಉಳಿಸಿದಳು. ನಾನು ಕೂಗಾಡಿದೆ.

"ಹೂವು ಸಾರಿಗೆ ಬರ್ತೈತೇನೇ?" ಅಂತ ನನ್ನನ್ನೇ ಗದರಿಸಿ, ಸೀರೆ ಕೊಡವಿ ಎದ್ದಳು. "ಕೆಲ್ಸ ಆತು. ಹೋಗಾಣ ನಡೀರೇ." ಸೀದಾ ಗೇಟಿಗೆ.

ದಿನಾ ಇದೇ ಕತೆ. ಒಂದು ಸಲ ವಾಚ್‌ಮನ್ ಹಿಡಿದುಕೊಳ್ಳುವಾಗ ಅವಳ ಒಂದು ಕಾಲು ಆಗಲೇ ಡಾಂಬರಿನ ಮೇಲಿತ್ತು. ಗೇಟಿಗೆ ಸರಪಳಿ ಹಾಕಿದರೆ ಅದನ್ನು ಹಿಡಿದು ಅಲುಗಾಡಿಸುತ್ತಾ ಅಳುತ್ತಿದ್ದಳು. ಮೂರು ವಾರ ಕಳೆದವು. ಕರೆದುಕೊಂಡು ಹೋಗಿಬಿಡಿ ಅಂತ ಮೇಡಂ ಅಜ್ಜಿಯ ಮಗಳಿಗೆ ಫೋನ್ ಮಾಡುವುದು ನನ್ನ ಕಿವಿಗೆ ಬಿತ್ತು. ಸಸಿ ಕಿತ್ತವಳು ತೊಲಗಿದರೆ ಸಾಕು ಅನ್ನಿಸಬೇಕಿತ್ತು ನನಗೆ. ಅದರ ಬದಲು ಊದಿದ ಕೈ ಕಣ್ಣಿಗೆ ಕಟ್ಟಿತು.

ಅವತ್ತು ಮನೆಗೆ ಹೋಗುವ ಆಟೋದಲ್ಲಿ ತಲೆಗೆ ಹೊಳೆಯಿತು. ಚಿಕ್ಕವಳಿದ್ದಾಗ ತುರುವನೂರಿನಲ್ಲಿ ನಾನೂ ನಮ್ಮವ್ವನ ಜೊತೆ ಕಳೆಗೆ ಹೋದವಳೇ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ತನ್ನ ಸಾಲು ಬೇಗ ಮುಗಿಸಿದವಳು ಹಿಂದೆ ಬಿದ್ದವಳ ಸಾಲಿಗೆ ಆ ಕೊನೆಯಿಂದ ಕೂತು, ಎದುರು ಬದುರಾಗಿ ಕಳೆ ಕೀಳುತ್ತಾ ಬರುತ್ತಾಳೆ, ಇಬ್ಬರ ಕೈ ಕೂಡುವ ತನಕ. ಒಬ್ಬಳ ಸಾಲು ಉಳಿದರೂ ಯಾರೂ ಮನೆಗೆ ಹೊರಡುವುದಿಲ್ಲ. ಕುಂಡದಲ್ಲಿ ಸಾಲೆಲ್ಲಿದೆ? ಅಂಗೈಯಗಲ ಮಣ್ಣು ಮುಗಿದ ಮೇಲೆ ಆಕೆ ಮನೆಗೆ ಹೋಗದೆ ಇನ್ನೇನು ಮಾಡಿಯಾಳು?

ಮರುದಿನ ಮೇಡಂಗೆ ಹೇಳಿದೆ. "ನಿಮ್ಮ ಪುಸ್ತಕ ಬರೆದವರು ಕಳೆಗೆ ಹೋದವರಲ್ಲ ಬಿಡಿ" ಅಂತಲೂ ಸೇರಿಸಿದೆ. ಪುಣ್ಯಕ್ಕೆ ಅವರು ನಕ್ಕರು. ಹಿತ್ತಲಲ್ಲಿ ವಾಚ್‌ಮನ್ ಹಾಕಿ ಮರೆತಿದ್ದ ಈರುಳ್ಳಿ ಇತ್ತು. ಗರಿಕೆ, ಜೇಕು ಬೆಳೆದು ಈರುಳ್ಳಿ ಕಾಣುತ್ತಲೇ ಇರಲಿಲ್ಲ. ಎಂಟು ಸಾಲು, ಅಜ್ಜಿ ಸೇರಿ ನಾವೂ ಎಂಟು ಜನ.

ಅಜ್ಜಿ ಕುಕ್ಕರಗಾಲಲ್ಲಿ ಕೂತದ್ದೇ ತಡ, ಕೈ ಓಡತೊಡಗಿತು. ಒಂದು ಈರುಳ್ಳಿ ಗರಿಯೂ ಮುರಿಯಲಿಲ್ಲ. ನಾಲ್ಕೂವರೆಗೆ ಸಾಲು ಮುಗಿಸಿ ಎದ್ದು, ಸೀರೆ ಕೊಡವಿ, ಗೇಟಿನ ಕಡೆ ನೋಡಿದಳು. ಮೇಡಂ ವಾಚ್‌ಮನ್‌ಗೆ ಸನ್ನೆ ಮಾಡಿದರು. ಉಳಿದವರದು ಹೇಗೋ ಮುಗಿಯುತ್ತಾ ಬಂದಿತ್ತು. ನಾನು ಮಾತ್ರ ಬಾರದ ಬೆರಳಲ್ಲಿ ಜೇಕು ಎಳೆಯುತ್ತಾ ಒಂದು ಮಾರೂ ದಾಟಿರಲಿಲ್ಲ.

"ಇವಳ್ದು ಇನ್ನೂ ಅಲ್ಲೇ ಐತಲ್ಲೇ!"

ಗೇಟಿಗೆ ಬೆನ್ನು ಹಾಕಿ ಬಂದಳು. ನನ್ನ ಸಾಲಿನ ಆ ಕೊನೆಯಲ್ಲಿ ಕೂತು, ಬೈಯುತ್ತಲೇ ಕಳೆ ಕೀಳುತ್ತಾ ನನ್ನ ಕಡೆ ಸರಿದಳು. ಐದು ದಾಟಿದ ಮೇಲೆ ಅವಳ ಕೈ ನನ್ನ ಕೈಗೆ ತಾಗಿತು. ಅಷ್ಟರಲ್ಲಿ ಕರೆದುಕೊಂಡು ಹೋಗಲು ಬಂದಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನೂ ಅತ್ತೆ, ಮುಚ್ಚಿಡುವುದೇನು. ತಿಂಗಳು ಮುಗಿದರೂ ಅಜ್ಜಿಯನ್ನು ಯಾರೂ ವಾಪಸು ಕಳಿಸಲಿಲ್ಲ.

ಹಿತ್ತಲಿನ ಈ ತುದಿ ಚೊಕ್ಕ ಮಾಡುವಷ್ಟರಲ್ಲಿ ಆ ತುದಿ ಮತ್ತೆ ಹಸಿರಾಗುತ್ತಿತ್ತು, ಹೀಗಾಗಿ ಕಳೆಗೇನೂ ಬರವಿರಲಿಲ್ಲ. ದೀಪಾವಳಿ ಹೊತ್ತಿಗೆ ನನ್ನ ಬೆರಳು ಬಂದವು. ಸೂಜಿಗೆ ದಾರ ಪೋಣಿಸಿದೆ. ಇನ್ನು ಬರಬೇಕಾಗಿಲ್ಲ ಅಂದರು ಡಾಕ್ಟರು. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಕೇಂದ್ರ ಅಂತ ಈಗಲೂ ಹೋಗುತ್ತಿದ್ದೇನೆ. ಸಂಜೆ ಅಜ್ಜಿ ಎದ್ದು ಗೇಟಿನ ಕಡೆ ತಿರುಗುವಾಗ ನನ್ನ ಸಾಲು ಅರ್ಧ ಉಳಿದೇ ಇರುತ್ತದೆ.

ಮೊನ್ನೆ ಆ ಕೊನೆಯಿಂದ ಸರಿಯುತ್ತಾ ಬಂದವಳು ತಟ್ಟನೆ ನಿಂತು ನನ್ನ ಬಲಗೈಯನ್ನೇ ನೋಡಿದಳು.

"ಕೈ ಚೆಂದಾಗಿ ಆಡ್ತೈತೆ. ಆದ್ರೂ ಮುಗ್ಸಲ್ಲ ನೀನು. ಮೈಗಳ್ಳಿ ಕಣೇ!"

ಮೂವತ್ತು ವರ್ಷದಲ್ಲಿ ಹಿರಿಯೂರಿನ ಯಾವ ಹೆಂಗಸೂ ನನಗೆ ಆ ಮಾತು ಅಂದಿರಲಿಲ್ಲ. "ಹೂಂ ಕಣಮ್ಮ" ಅಂದು, ತಲೆ ತಗ್ಗಿಸಿ, ಒಂದೇ ಒಂದು ಗರಿಕೆ ಕಿತ್ತೆ.